ತೆಳ್ಳನೆಯ ಕರೆಂಟು

ಬಂದ ದಿನವೇ ಅತ್ತೆ ಆ ದೇಶದ ಕರೆಂಟಿಗೆ ಹೆಸರಿಟ್ಟರು.

ಸೀರೆಯಲ್ಲಿ ಸುತ್ತಿ ತಂದಿದ್ದ ಮೇಜುದೀಪದ ವೈರಿನ ತುದಿಯನ್ನು ಭಾವ ಕತ್ತರಿಸಿ, ಅಲ್ಲಿನ ಗೋಡೆಗೆ ಒಗ್ಗುವ ಪ್ಲಗ್ಗು ಕಟ್ಟಿ, ಗುಂಡಿ ಒತ್ತಿದರು. ದೀಪ ಹತ್ತಲಿಲ್ಲ ಎನ್ನುವಂತಿಲ್ಲ, ಹತ್ತಿತು ಎನ್ನುವಂತೆಯೂ ಇಲ್ಲ. ಬಲ್ಬಿನೊಳಗಿನ ಎಳೆ ಆರಿಹೋಗುವ ಕೆಂಡದ ಹಾಗೆ ಕೆಂಪಗಾಗಿ ಅಷ್ಟಕ್ಕೇ ನಿಂತಿತು. ಅದರ ಸುತ್ತ ಒಂದು ಗೇಣು ಜಾಗದಲ್ಲಿ ಮಾತ್ರ ಸಂಜೆಯಾಗಿತ್ತು.

"ಏನೋ ಇದು, ಉಪವಾಸ ಬಿದ್ದಿರೋ ಹಾಗಿದೆ," ಎಂದರು ಅತ್ತೆ.

"ಅಲ್ಲಿ ಬರೋದರ ಅರ್ಧ ಅಮ್ಮ ಇಲ್ಲಿ. ಅಲ್ಲಿ ಇನ್ನೂರಮೂವತ್ತು ವೋಲ್ಟು, ಇಲ್ಲಿ ನೂರಹದಿನೈದು. ಇಲ್ಲಿನ ಬಲ್ಬು ಹಾಕಿದ್ರೆ ಸರಿಹೋಗತ್ತೆ."

"ರಸ್ತೆ ನೋಡಿದ್ರೆ ಅಷ್ಟಗಲ, ಕರೆಂಟು ನೋಡಿದ್ರೆ ಇಷ್ಟು ತೆಳ್ಳಗೆ," ಎಂದು ಅತ್ತೆ ಆ ವಿಷಯವನ್ನು ಅಲ್ಲಿಗೆ ಮುಗಿಸಿದರು.

ಸೊಸೆ ಬಲ್ಬು ಬದಲಾಯಿಸಲಿಲ್ಲ. ಆ ಮಂಕು ಅವಳಿಗೆ ಹಿತವಾಗಿತ್ತು. ಅವಳ ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅಂದಿನಿಂದ ಅವಳೊಳಗೂ ಎಲ್ಲವೂ ಆ ಬಲ್ಬಿನಷ್ಟೇ ಉರಿಯುತ್ತಿತ್ತು. ಹಸಿವು ಅಷ್ಟೇ, ನಗು ಅಷ್ಟೇ, ಅಳುವೂ ಅಷ್ಟೇ. ಗಂಡನ ಅಣ್ಣನಾದ ಈ ಭಾವ ಬಂದು ಅತ್ತೆಯನ್ನೂ ಅವಳನ್ನೂ ತಮ್ಮ ಜೊತೆ ಕರೆತಂದಿದ್ದರು. "ಇಬ್ಬರೇ ಇದ್ದು ಏನ್ಮಾಡ್ತೀರಿ," ಎಂದಿದ್ದು ಬಿಟ್ಟರೆ ಅವರು ಆಗ ಹೆಚ್ಚು ಮಾತಾಡಿರಲಿಲ್ಲ. ಇವಳೂ ಕೇಳಿರಲಿಲ್ಲ.

ಮನೆ ಮೂರನೆಯ ಮಹಡಿಯಲ್ಲಿತ್ತು. ಒಳಗೆ ಓಣಿಯ ಹಾಗೆ ಒಂದು ಉದ್ದನೆಯ ಹಾದಿ, ಅದರ ಒಂದು ಬದಿಗೆ ಸಾಲಾಗಿ ಕೋಣೆಗಳು. ಭಾವ ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಅವರ ಹೆಂಡತಿ, ಸೊಸೆ ‘ಅಕ್ಕ' ಎಂದು ಕರೆಯುವ ಅವಳ ವಾರಗಿತ್ತಿ, ಬಟ್ಟೆ ಒಗೆದುಕೊಡುವ ದೊಡ್ಡ ಅಂಗಡಿಯೊಂದರಲ್ಲಿ ಇಸ್ತ್ರಿಯವಳು, ಹಬೆಯ ವಾಸನೆ ಹೊತ್ತುಕೊಂಡೇ ಮನೆಗೆ ಬರುತ್ತಿದ್ದಳು. ಸೊಸೆಗೂ ಭಾವನ ಕಾರ್ಖಾನೆಯಲ್ಲೇ ಅರ್ಧ ದಿನದ ಕೆಲಸ ಸಿಕ್ಕಿತು. ಉಜ್ಜಿದ ಗಾಜುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು, ಒಳಗೆ ಗುಳ್ಳೆ, ಗೀರು ಇದೆಯೇ ಎಂದು ನೋಡುವುದು. ಎಂ.ಎಸ್ಸಿ. ಓದಿದವಳಿಗೆ ಈ ಕೆಲಸವೇ ಎಂದು ಯಾರಾದರೂ ಕೇಳಬಹುದಿತ್ತು. ಅವಳಿಗೆ ಮಾತ್ರ ಅದು ಸರಿಹೊಂದಿತ್ತು. ದಿನವೂ ನೂರಾರು ಗಾಜುಗಳ ಮೂಲಕ ಲೋಕವನ್ನು ನೋಡಿ, ಯಾವುದರಲ್ಲೂ ನಿಲ್ಲದೆ, ಪಕ್ಕಕ್ಕಿಟ್ಟುಬಿಡುವುದು.

ಆ ಮನೆಯವರದ್ದೊಂದು ರೀತಿಯಿತ್ತು. ಪ್ರೀತಿಯಿದ್ದರೆ ಹೇಳುವುದಿಲ್ಲ, ಮಾಡಿಬಿಡುತ್ತಾರೆ. ಮಾಡಿದ್ದನ್ನೂ ಹೇಳುವುದಿಲ್ಲ. ಸಾವಿನ ಮನೆಯಾದ ಮೇಲೆ ಇದು ಇನ್ನಷ್ಟು ಹೆಚ್ಚಿತ್ತು. ಒಲೆಯ ಮೇಲಿದ್ದದ್ದಕ್ಕೆ ಅತ್ತೆ ಉಪ್ಪು ಹಾಕಿ ಹೋಗುವರು; ಅತ್ತೆಗೆ ಯಾಕೆ ತೊಂದರೆ ಎಂದು ಸೊಸೆ ಬಂದು ಹಾಕುವಳು; ಇಬ್ಬರೂ ಮರೆತಿರಬೇಕೆಂದು ಅಕ್ಕ ಒಂದು ಚಿಟಿಕೆ ಉದುರಿಸುವಳು. ಊಟಕ್ಕೆ ಕೂತಾಗ ಭಾವ ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ನುಂಗಿ, "ಚೆನ್ನಾಗಿದೆ," ಎನ್ನುವರು. ಮಾರನೆಯ ದಿನ ಮೂವರೂ ಎಚ್ಚರಿಕೆಯಿಂದ ಉಪ್ಪಿನ ಡಬ್ಬಿಯ ಹತ್ತಿರ ಹೋಗುತ್ತಿರಲಿಲ್ಲ. ಅಂದೂ ಭಾವ, "ಚೆನ್ನಾಗಿದೆ," ಎನ್ನುವರು.

ಊರಿನಿಂದ ಬಂದ ಸಾಮಾನಿನಲ್ಲಿ ಎಲ್ಲಕ್ಕಿಂತ ಭಾರದ್ದು ಗಂಡನ ಕಂಪ್ಯೂಟರು. ತೊಡೆಯ ಮೇಲಿಟ್ಟುಕೊಳ್ಳುವಂಥದ್ದಲ್ಲ, ಮೇಜಿನಡಿ ಇಡುವ, ಮೂಲೆ ಜಜ್ಜಿದ ಬೂದುಬಣ್ಣದ ಡಬ್ಬ. ಅವನು ಜನರ ಹಳೆಯ ಫೋಟೋಗಳನ್ನು ಅದರಲ್ಲಿ ಸರಿಮಾಡಿಕೊಡುತ್ತಿದ್ದ. ಹರಿದದ್ದು, ಹುಳ ತಿಂದದ್ದು, ನೀರು ಬಿದ್ದು ಮುಖ ಅಳಿಸಿದ್ದು. ಬೆಳಗಿನಿಂದ ಸಂಜೆಯವರೆಗೆ ಅದರ ಮುಂದೆಯೇ. ಮದುವೆಯಾದ ಹೊಸತರಲ್ಲಿ ಅವಳು ಅದಕ್ಕೆ ‘ಸವತಿ' ಎಂದು ಹೆಸರಿಟ್ಟಿದ್ದಳು. "ಸವತಿ ಇವತ್ತು ಊಟಕ್ಕೆ ಬಿಡ್ತಾಳಂತಾ?" ಎಂದು ಬಾಗಿಲಲ್ಲಿ ನಿಂತು ಕೇಳಿದರೆ ಅವನು, "ಕಾಲು ಹಿಡ್ಕೊಂಡು ಕೇಳ್ತಿದೀನಿ, ತಡಿ," ಎನ್ನುತ್ತಿದ್ದ. ಆ ತಮಾಷೆಯನ್ನು ಈಗ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

ಅದನ್ನು ತರುವುದು ಬೇಡವೆಂದೇ ಭಾವ ಹೇಳಿದ್ದರು. ಅತ್ತೆ ಒಪ್ಪಲಿಲ್ಲ.

"ನನ್ನ ಬಟ್ಟೆ ಬಿಟ್ಟುಬಿಡು. ಅದನ್ನ ಬಿಡಬೇಡ."

"ಅಲ್ಲಮ್ಮ, ನೀನು ಅದನ್ನ ಒಂದು ದಿನ ಮುಟ್ಟಿದವಳಲ್ಲ!"

"ನೀನು ನನ್ನ ಮೊಣಕಾಲನ್ನ ಒಂದು ದಿನ ಮುಟ್ಟಿದೀಯಾ? ಅದನ್ನ ಬಿಟ್ಟು ಬರ್ಲಾ?"

ಬಂದ ಮೇಲೆ ಅದನ್ನು ಸೊಸೆಯ ಕೋಣೆಯಲ್ಲಿ ಇಡುವಾಗಲೂ ಅತ್ತೆ ಬಾಗಿಲಲ್ಲಿ ನಿಂತು, "ಮೇಜು ಕಿಟಕಿ ಹತ್ರ ಬೇಡ. ಈ ಗೋಡೆಗೆ ಇರಲಿ," ಎಂದರು. ಆ ಗೋಡೆಯ ಆಚೆ ಅತ್ತೆಯ ಕೋಣೆ. ಬಿಸಿಲು ಬೀಳಬಾರದು ಅಂತ ಇರಬೇಕು, ಎಂದುಕೊಂಡು ಭಾವ ಮೇಜನ್ನು ಸರಿಸಿದರು. ತಮ್ಮದೇ ಹಳೆಯ ಪರದೆಯೊಂದನ್ನು ತಂದು ಜೋಡಿಸಿ, ಅಲ್ಲಿನ ವೈರು ಹಾಕಿ, ಗುಂಡಿ ಒತ್ತಿದರು. ಒಳಗಿನ ಫ್ಯಾನು ಮಗ್ಗುಲು ಬದಲಿಸಿದವರ ಹಾಗೆ ಒಮ್ಮೆ ಅಲುಗಿ ಸುಮ್ಮನಾಯಿತು. ಮತ್ತೆ ಒತ್ತಿದರು. ಅದೂ ಇಲ್ಲ.

"ಇದಕ್ಕೂ ಇಲ್ಲಿನ ಕರೆಂಟು ಸಾಲಲ್ಲ. ನೋಡೋಣ," ಎಂದರು ಭಾವ. ನೋಡೋಣ ಎಂದರೆ ಅವರು ನೋಡುತ್ತಾರೆ. ಆದರೆ ಯಾವಾಗ, ಏನು ಎಂದು ಹೇಳುವವರಲ್ಲ.

ಅತ್ತೆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೇ ಇದ್ದರು. "ಹಾಕಕ್ಕಾಗಲ್ವಾ ಹಾಗಾದ್ರೆ?" ಎಂದು ಕೇಳಿದರು. ಆಮೇಲೆ ತಮ್ಮ ಕೋಣೆಗೆ ಹೋದರು.

ಆ ದಿನದಿಂದ ಅತ್ತೆಗೆ ನಿದ್ದೆ ಹೋಯಿತು.

ರಾತ್ರಿ ಅವರು ಯಾವತ್ತೂ ಸರಿಯಾಗಿ ಮಲಗಿದವರಲ್ಲ. ಅವರನ್ನು ಹಿಡಿದು ನಿಲ್ಲಿಸಿದ್ದು ಮಧ್ಯಾಹ್ನದ ನಿದ್ದೆ. ಊರಿನ ಮನೆಯಲ್ಲಿ ಊಟವಾಗಿ ತಲೆ ಕೆಳಗಿಟ್ಟರೆ ಟೀ ಹೊತ್ತಿನವರೆಗೆ ಗೊರಕೆ. ಎದ್ದಕೂಡಲೇ ಬೆರಳ ಗೆಣ್ಣಿನಿಂದ ಗೋಡೆಗೆ ಎರಡು ಸಲ ಬಡಿಯುವರು, ಟೀ ಇಡ್ತಿದೀನಿ ಎಂದು ಮಗನಿಗೆ ತಿಳಿಸಲು. ಆಚೆಯಿಂದ ಮಗ ಒಂದು ಸಲ ಬಡಿಯುವನು, ಬಂದೆ ಎಂದು. ಅಷ್ಟು ಸುಖದ ನಿದ್ದೆ ಈಗ ಎಲ್ಲಿಗೋ ಹೋಗಿ ಕೂತಿತ್ತು. ಇಲ್ಲಿ ಮಧ್ಯಾಹ್ನವೆಲ್ಲ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು, ಬಸ್ಸಿಗೆ ಕಾಯುವವರ ಹಾಗೆ ಕೂತಿರುತ್ತಿದ್ದರು. ಕಿಟಕಿಯಾಚೆ ಮಂಜು ಬಂದು ಎದುರಿನ ಕಟ್ಟಡವನ್ನು ನಿಧಾನವಾಗಿ ಒರೆಸಿಹಾಕುವುದು. ಅತ್ತೆ ಅದನ್ನೇ ನೋಡುವರು.

ದಿನ ಕಳೆದಂತೆ ಅವರ ಮಾತಿನ ಕೊನೆಗಳು ಬಿದ್ದುಹೋಗತೊಡಗಿದವು. ಒಲೆ ಹಚ್ಚಿ ಪಾತ್ರೆ ಇಡುವುದನ್ನು ಮರೆತರು. ಡಾಕ್ಟರು ಕೊಟ್ಟ ಗುಳಿಗೆ ನುಂಗಿದರೆ ನಿದ್ದೆಯ ಬದಲು ತೂರಾಟ ಬಂತು. ಒಂದು ದಿನ ಮನೆಯ ಚಪ್ಪಲಿಯಲ್ಲೇ ಮೆಟ್ಟಿಲಿಳಿದು ರಸ್ತೆಯ ನಡುವೆ ನಿಂತಿದ್ದರಂತೆ. ಕೆಳಗಿನ ಮನೆಯ ಹೆಂಗಸು ಕೈಹಿಡಿದು ಕರೆತಂದಳು.

"ಡಾಕ್ಟರು ಒಂದು ಜಾಗ ಹೇಳಿದಾರೆ," ಎಂದರು ಭಾವ ಆವತ್ತು ಸಂಜೆ, ತಟ್ಟೆಯನ್ನು ನೋಡುತ್ತ. "ವಯಸ್ಸಾದವರಿಗೆ ಅಂತಲೇ ಇರೋದು. ಯಾವಾಗಲೂ ಯಾರಾದರೂ ನೋಡ್ಕೋತಾ ಇರ್ತಾರೆ. ನಾವು ಮೂವರೂ ಕೆಲಸಕ್ಕೆ ಹೋದಾಗ ಒಬ್ಬರೇ ಇರೋದು... ಸ್ವಲ್ಪ ದಿನಕ್ಕೆ ಅಷ್ಟೇ."

ಅಕ್ಕ ಎದ್ದು ನೀರು ತರಲು ಹೋದಳು. ಸೊಸೆಗೆ ಏನೋ ಆಗಬೇಕಿತ್ತು, ಆಗಲಿಲ್ಲ. ಮುಂಗೈಯನ್ನು ಬಿಸಿ ಪಾತ್ರೆಗೆ ತಾಗಿಸಿ, ಸುಟ್ಟಿತೆಂದು ಕಣ್ಣಿನಿಂದ ತಿಳಿದುಕೊಂಡ ಹಾಗಿತ್ತು. ಅತ್ತೆಗೆ ನಿದ್ದೆ ಬರದಿದ್ದರೆ ಅತ್ತೆ ಈ ಮನೆಯಿಂದ ಹೋಗುತ್ತಾರೆ. ಅಷ್ಟು ಮಾತ್ರ ಅವಳಿಗೆ ಸ್ಪಷ್ಟವಾಗಿ ತಿಳಿಯಿತು.

ಮಗನ ಫೋಟೋಗಳಿಗೆ ಹಂಬಲಿಸುತ್ತಿದ್ದಾರೆ. ಹಾಗೆಂದು ಭಾವ ಒಂದು ಕಡೆ ಅಂದುಕೊಂಡರು, ಸೊಸೆ ಇನ್ನೊಂದು ಕಡೆ ಅಂದುಕೊಂಡಳು. ಆ ಡಬ್ಬ ಒಮ್ಮೆ ತೆರೆದರೆ, ಮಗನನ್ನು ಒಮ್ಮೆ ಕಣ್ತುಂಬ ನೋಡಿದರೆ, ಮನಸ್ಸು ತಣ್ಣಗಾಗಿ ನಿದ್ದೆ ಬರಬಹುದು. ಇಬ್ಬರೂ ಒಂದೇ ವಾರದಲ್ಲಿ ಕೆಲಸಕ್ಕಿಳಿದರು. ಇಬ್ಬರೂ ಹೇಳಲಿಲ್ಲ.

ಸೊಸೆ ಒಂದು ಬೆಳಿಗ್ಗೆ ಧೂಳು ಒರೆಸಲು ಡಬ್ಬವನ್ನು ತಿರುಗಿಸಿದಳು. ಹಿಂಬದಿಯಲ್ಲಿ, ವೈರು ಚುಚ್ಚುವ ಜಾಗದ ಪಕ್ಕ, ಉಗುರಿನಷ್ಟು ಗಾತ್ರದ ಒಂದು ಕೆಂಪು ಜಾರುಗುಂಡಿ. ಅದರ ಮೇಲೆ 230 ಎಂದಿತ್ತು. ಅವಳು ತಲೆಯಿಂದ ಹೇರ್‌ಪಿನ್ನು ತೆಗೆದು ಅದನ್ನು ಪಕ್ಕಕ್ಕೆ ತಳ್ಳಿದಳು. ಟಿಕ್ ಎಂದು ಸರಿದು 115 ಕಾಣಿಸಿತು. ಇಷ್ಟೇನಾ! ಅಷ್ಟು ದೂರ ಹೊತ್ತು ತಂದದ್ದು ಇಷ್ಟು ಸಣ್ಣ ಅಡ್ಡಿಗೆ ಸಿಕ್ಕಿಕೊಂಡಿತ್ತೇ? ಹಾಕಿ ನೋಡಲು ಕೈ ಮುಂದೆ ಹೋಯಿತು. ಆದರೆ ಆ ಡಬ್ಬವನ್ನು ಹಾಕುವ ಹೊತ್ತು ಅದಲ್ಲ. ಗಂಡ ಹೋದಮೇಲೂ ಊರಿನ ಮನೆಯಲ್ಲಿ ಅವಳು ದಿನಾ ಮಧ್ಯಾಹ್ನ ಅದನ್ನು ಸುಮ್ಮನೆ ಹಾಕುತ್ತಿದ್ದಳು. ಏನನ್ನೂ ತೆರೆಯುತ್ತಿರಲಿಲ್ಲ. ಸಂಜೆ ಆರಿಸುತ್ತಿದ್ದಳು. ಯಾಕೆ ಎಂದು ಅವಳೂ ಕೇಳಿಕೊಂಡಿರಲಿಲ್ಲ, ಅತ್ತೆಯೂ ಕೇಳಿರಲಿಲ್ಲ. ಮಧ್ಯಾಹ್ನ ಬಂದು ಹಾಕುತ್ತೇನೆ, ಅತ್ತೆಯನ್ನು ಕರೆದು ಕೂರಿಸುತ್ತೇನೆ, ಎಂದುಕೊಂಡು ಅವಳು ಬಸ್ಸಿಗೆ ಓಡಿದಳು.

ಮಧ್ಯಾಹ್ನ ಅವಳು ಬಾಗಿಲು ತೆರೆದು ಒಂದು ಕಾಲಿನ ಶೂ ಬಿಚ್ಚಿದ್ದಳು. ಒಳಗಿನಿಂದ ಭಾವನ ದನಿ ಕೇಳಿಸಿತು. ಅವರು ಆ ಹೊತ್ತಿಗೆ ಮನೆಯಲ್ಲಿರುವವರಲ್ಲ.

"ಅಮ್ಮ, ಬಾ ಇಲ್ಲಿ. ಕೂತ್ಕೋ. ಏನು ತಂದಿದೀನಿ ನೋಡು."

ಓಣಿಯ ಆ ತುದಿಯಲ್ಲಿ, ಅವಳ ಕೋಣೆಯ ತೆರೆದ ಬಾಗಿಲಿನಾಚೆ, ನೆಲದ ಮೇಲೆ ಕಬ್ಬಿಣದ ಒಂದು ಗಿಡ್ಡ ಪೆಟ್ಟಿಗೆ. ಹಿಡಿಕೆಯಿರುವಂಥದ್ದು. ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಅದು ಗುರುಗುಡುತ್ತಿತ್ತು. ಕರೆಂಟನ್ನು ಎರಡರಷ್ಟು ಮಾಡುವ ಪೆಟ್ಟಿಗೆ ಎಂದು ಅವಳಿಗೆ ನೋಡಿದ ಕ್ಷಣವೇ ತಿಳಿಯಿತು.

"ಭಾವ, ಬೇಡ—"

ಒಂದು ಕಾಲಲ್ಲಿ ಶೂ, ಒಂದು ಕಾಲಲ್ಲಿ ಇಲ್ಲ. ಅವಳು ಕುಂಟುತ್ತ ಅರ್ಧ ದಾರಿ ಓಡಿದ್ದಳಷ್ಟೇ. ಡಬ್ಬದೊಳಗೆ ಪಟಾರ್ ಎಂದಿತು. ನೀಲಿ ಬೆಳಕೊಂದು ಹಿಂದಿನ ತೂತುಗಳಿಂದ ಇಣುಕಿ ಮಾಯವಾಯಿತು. ಇಡೀ ಮನೆಯ ಕರೆಂಟು ಹೋಯಿತು. ಅಡುಗೆಮನೆಯ ಫ್ರಿಜ್ಜು ನಿಟ್ಟುಸಿರು ಬಿಟ್ಟು ನಿಂತಿತು. ಸುಟ್ಟ ಮೀನಿನಂಥ ವಾಸನೆ ಓಣಿಯುದ್ದಕ್ಕೂ ನಿಧಾನವಾಗಿ ನಡೆದುಬಂತು.

ರಜೆಯಲ್ಲಿದ್ದ ಅಕ್ಕ ಬಚ್ಚಲಿನಿಂದ ಕೂಗಿದಳು: "ಯಾರು ಸತ್ರಿ?"

ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡಿರಬೇಕು.

"ನಾನೇ ತಂದೆ ಇದನ್ನ," ಎಂದರು ಭಾವ.

"ನಾನು ಬೆಳಿಗ್ಗೆ ಗುಂಡಿ ತಳ್ಳಿಬಿಟ್ಟಿದ್ದೆ," ಎಂದಳು ಸೊಸೆ.

ಇಬ್ಬರ ಮಾತೂ ಒಟ್ಟಿಗೆ ಬಂತು. ಅವಳು ಡಬ್ಬವನ್ನು ಅರ್ಧ ಕರೆಂಟಿಗೆ ಒಗ್ಗಿಸಿದ್ದಳು. ಅವರು ಕರೆಂಟನ್ನೇ ಎರಡರಷ್ಟು ಮಾಡಿ ತಂದಿದ್ದರು. ಒಂದೊಂದೇ ಆಗಿದ್ದರೆ ಎರಡೂ ಸರಿ.

ಅಕ್ಕ ಒದ್ದೆ ಕೂದಲಲ್ಲಿ ಬಂದು ವಿಷಯ ಕೇಳಿ ಹಣೆ ಚಚ್ಚಿಕೊಂಡಳು. "ಅಡುಗೆಗೆ ಇಬ್ಬಿಬ್ಬರು ಉಪ್ಪು ಹಾಕಿ ಸಾಯ್ಸೋದು ಸಾಲ್ದೂಂತ ಇದಕ್ಕೂ ಹಾಕಿದ್ರಾ? ನಿಮ್ಮ ಮನೆಯವರಿಗೆಲ್ಲ ಬಾಯಿ ಕೊಟ್ಟಿದ್ದು ಯಾಕೆ ದೇವರು? ಇನ್ಮೇಲೆ ಈ ಮನೇಲಿ ಯಾರು ಏನು ಹಾಕಿದ್ರೂ ಕೂಗಿ ಹೇಳ್ಬೇಕು."

ಅತ್ತೆ ಕುರ್ಚಿಯಲ್ಲಿ ಕೂತೇ ಇದ್ದರು. "ಹೋಯ್ತಾ?" ಎಂದು ಕೇಳಿದರು. ಯಾರನ್ನು ಕೇಳಿದರೋ ಯಾರಿಗೂ ಗೊತ್ತಾಗಲಿಲ್ಲ.

ರಿಪೇರಿ ಅಂಗಡಿ ಎರಡು ರಸ್ತೆ ದಾಟಿದರೆ, ಒಂದು ಬೇಕರಿಯ ಪಕ್ಕದಲ್ಲಿತ್ತು. ಭಾವನೂ ಸೊಸೆಯೂ ಡಬ್ಬವನ್ನು ಮಗುವಿನ ಹಾಗೆ ಹೊದಿಕೆಯಲ್ಲಿ ಹೊತ್ತುಕೊಂಡು ಹೋದರು. ರಿಪೇರಿಯವನು ಬಿಸ್ಕತ್ತು ತಿನ್ನುತ್ತಲೇ ಮುಚ್ಚಳ ಬಿಚ್ಚಿ, ಮೂಸಿದ. ಅಲ್ಲಿನ ಭಾಷೆಯಲ್ಲಿ ಅವನಂದದ್ದನ್ನು ನಮ್ಮ ಮಾತಿಗೆ ತಂದರೆ ಇಷ್ಟು:

"ಎದೆ ಒಡೆದಿದೆ. ತಲೆ ಚೆನ್ನಾಗೇ ಇದೆ."

ಭಾವ ಸರಕ್ಕನೆ ಸೊಸೆಯ ಮುಖ ನೋಡಿದರು. ಅವಳು ಬೇಕರಿಯಿಂದ ಬರುವ ವಾಸನೆಯನ್ನು ಹೀರುವವಳ ಹಾಗೆ ನಿಂತಿದ್ದಳು.

"ಅಂದ್ರೆ ಪವರ್ ಸಪ್ಲೈ," ಎಂದ ರಿಪೇರಿಯವನು. "ಕರೆಂಟು ಮೊದಲು ಬಂದು ಬೀಳೋದು ಈ ಪುಟ್ಟ ಪೆಟ್ಟಿಗೆಗೆ. ಪುಣ್ಯಾತ್ಮ ತಾನು ಸತ್ತು ಉಳಿದವರನ್ನ ಉಳಿಸಿದಾನೆ. ಹೊಸದು ಹಾಕ್ತೀನಿ. ಎಂಥದ್ದು ಹಾಕ್ತೀನಿ ಅಂದ್ರೆ, ಒಂದು ಚೂರು ಸದ್ದು ಕೇಳಲ್ಲ. ಓಡ್ತಿದೆಯೋ ಇಲ್ವೋ ಅಂತ ಬಗ್ಗಿ ನೋಡ್ಬೇಕು."

ಹೇಳಿದಂತೆಯೇ ಮಾಡಿಕೊಟ್ಟ. ಡಬ್ಬ ಮನೆಗೆ ಬಂತು, ಪರದೆ ಬೆಳಗಿತು. ಒಳಗಿದ್ದದ್ದು ಒಂದೂ ಹಾಳಾಗಿರಲಿಲ್ಲ. ಭಾವನ ಕಣ್ಣು ತುಂಬಿಬಂತು. ಅತ್ತೆಯನ್ನು ನಡುವೆ ಕೂರಿಸಿಕೊಂಡು ಎಲ್ಲರೂ ನೋಡತೊಡಗಿದರು. ಮುಖಗಳು ಒಂದೊಂದಾಗಿ ಬಂದವು. ರುಮಾಲಿನ ಅಜ್ಜ. ಕೈಯಲ್ಲಿ ಪುಸ್ತಕ ಹಿಡಿದ ಹುಡುಗಿ. ಯಾವುದೋ ಮದುವೆಯ ಜೋಡಿ, ಗಂಡಿನ ಕಿವಿಯನ್ನು ಹುಳ ತಿಂದಿದ್ದು, ಆಮೇಲೆ ಅದೇ ಗಂಡು, ಕಿವಿ ಸಮೇತ.

"ಇವರು ಯಾರು?" ಎಂದರು ಅತ್ತೆ.

"ಯಾರದೋ ಅಜ್ಜ ಅಮ್ಮ."

"ಇದು?"

"ಇದೂ ಯಾರದೋ ಅಜ್ಜ."

"ಒಳ್ಳೇ ಅಜ್ಜಂದಿರ ಗೋಡೌನು," ಎಂದಳು ಅಕ್ಕ. ಯಾರೂ ನಗಲಿಲ್ಲ, ಅವಳೂ ನಗಲಿಲ್ಲ.

ಅವನ ಫೋಟೋ ಒಂದೂ ಇರಲಿಲ್ಲ. ಬೇರೆಯವರ ಮುಖಗಳನ್ನೆಲ್ಲ ಹೊಲಿದು ಇಟ್ಟವನು ತನ್ನದೊಂದನ್ನು ಇಟ್ಟುಕೊಂಡಿರಲಿಲ್ಲ. ಕೊನೆಗೆ ಒಂದು ಮುಗಿಯದ ಕೆಲಸ ಬಂತು: ಮುದುಕಿಯೊಬ್ಬಳ ಮುಖ, ಎಡಗಡೆ ನುಣುಪಾಗಿ, ಬಲಗಡೆ ಇನ್ನೂ ಬಿರುಕು ಬಿರುಕಾಗಿ. ಅತ್ತೆ ಅದನ್ನು ಮರ್ಯಾದೆಗೆ ಎಂಬಂತೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಲೆಯನ್ನು ಓರೆ ಮಾಡಿ, ಪರದೆಯನ್ನಲ್ಲ, ಮೇಜಿನ ಕೆಳಗನ್ನು ನೋಡಿದರು.

"ಹಾಕಿದೀರಾ ಅದನ್ನ?"

"ಹಾಕಿದ್ದಕ್ಕೇ ಅಲ್ವೇನಮ್ಮ ಇದೆಲ್ಲ ಕಾಣ್ತಿರೋದು!"

"ಹೌದಾ," ಎಂದು ಅತ್ತೆ ಎದ್ದು ಹೋದರು. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು.

ಭಾವ ಪರದೆ ಆರಿಸಿದರು. "ವಾರದ ರಜೆ ದಿನ ನಾಲ್ಕು ಗಂಟೆಗೆ ಬರ್ತೀವಿ ಅಂತ ಆ ಜಾಗದವರಿಗೆ ಹೇಳ್ತೀನಿ. ಹೋಗಿ ನೋಡ್ಕೊಂಡಾದ್ರೂ ಬರೋಣ," ಎಂದರು. ದನಿಯಲ್ಲಿ ಜೀವವಿರಲಿಲ್ಲ.

ಅದಾದ ಮೇಲೆ ಒಂದು ದಿನ ಕಾರ್ಖಾನೆಯಲ್ಲಿ ಹೀಗಾಯಿತು. ಸೊಸೆಯ ಪಕ್ಕದ ಪೀಠದವಳು ಗಾಜು ನೋಡುತ್ತ ನೋಡುತ್ತಲೇ ನಿದ್ದೆ ಹೋಗುವವಳು. ಕಣ್ಣು ತೆರೆದೇ ಇರುತ್ತಿತ್ತು, ಕೈಯಲ್ಲಿ ಗಾಜು ಹಾಗೇ ಇರುತ್ತಿತ್ತು, ಅವಳು ಮಾತ್ರ ಇರುತ್ತಿರಲಿಲ್ಲ. ಸುತ್ತ ಗಾಜು ಉಜ್ಜುವ ಯಂತ್ರಗಳು ಒಂದೇ ಸಮನೆ ಗುಂಯ್‌ಗುಡುತ್ತಿದ್ದವು. ಅಂದು ಊಟದ ಹೊತ್ತಿಗೆ ಎಂದಿನಂತೆ ಯಂತ್ರಗಳು ಒಮ್ಮೆಲೇ ನಿಂತವು. ಪಕ್ಕದವಳು ಬೆಚ್ಚಿಬಿದ್ದು ಎಚ್ಚರವಾದಳು.

"ಯಾರು ನಿಲ್ಲಿಸಿದ್ದು ಅದನ್ನ? ಎಷ್ಟು ಚೆನ್ನಾಗಿ ಮಲಗಿದ್ದೆ!" ಎಂದಳು ಸಿಟ್ಟಿನಿಂದ.

ಸೊಸೆಯ ಕೈಯಲ್ಲಿ ಒಂದು ದಪ್ಪ ಗಾಜು ಇತ್ತು. ಅದರ ಮೂಲಕ ಕಿಟಕಿ ತಲೆಕೆಳಗಾಗಿ ಕಾಣುತ್ತಿತ್ತು. ಆ ತಲೆಕೆಳಗಾದ ಬೆಳಕಿನಲ್ಲಿ ಅವಳಿಗೆ ಊರಿನ ಮನೆಯ ಮಧ್ಯಾಹ್ನ ಬಂತು. ಗೋಡೆಯ ಈಚೆ ಗಂಡನ ಬೆನ್ನು. ಮೇಜಿನ ಕೆಳಗೆ ಆ ಡಬ್ಬ ಗುಂಯ್ ಎನ್ನುತ್ತ, ನಡುನಡುವೆ ಗಂಟಲು ಸರಿಮಾಡಿಕೊಳ್ಳುವವರ ಹಾಗೆ ಗೊರಕ್ ಎಂದು, ಮತ್ತೆ ಗುಂಯ್ ಎನ್ನುತ್ತ. ಗೋಡೆಯ ಆಚೆ ಗೋಡೆಗೆ ತಲೆ ತಾಗಿಸಿ ಮಲಗಿದ ಅತ್ತೆ. ಸದ್ದು ಬರುತ್ತಿದೆಯೆಂದರೆ ಮಗ ಮನೆಯಲ್ಲಿದ್ದಾನೆ. ಮಗ ಹೋದಮೇಲೆ ಸೊಸೆ ದಿನಾ ಸುಮ್ಮನೆ ಹಾಕುತ್ತಿದ್ದಳು. ಸುಮ್ಮನೆ ಎಂದುಕೊಂಡಿದ್ದಳು. ಆ ದಿನಗಳಲ್ಲೂ ಅತ್ತೆ ಮಲಗುತ್ತಿದ್ದರಲ್ಲ!

ಮೇಜು ಈ ಗೋಡೆಗೆ ಇರಲಿ. ಹಾಕಿದೀರಾ ಅದನ್ನ?

ಗಾಜನ್ನು ಕೆಳಗಿಟ್ಟು ಅವಳು ಊಟ ಮಾಡದೆ ಹೊರಟಳು.

ರಿಪೇರಿಯವನು ಕೇಳಿ, ಬಿಸ್ಕತ್ತು ಪಕ್ಕಕ್ಕಿಟ್ಟ.

"ಹಳೇದು ಬೇಕಾ? ಸತ್ತದ್ದು?"

"ಅದರೊಳಗಿನ ಫ್ಯಾನು ಸಾಕು. ಅದೂ ಸುಟ್ಟಿದೆಯಾ?"

"ಫ್ಯಾನಿಗೆ ಏನಾಗಿರಲ್ಲ. ಅದಕ್ಕೆ ಹೋಗೋದು ಹನ್ನೆರಡೇ ವೋಲ್ಟು. ಹೊರಗೆ ಎಷ್ಟೇ ಬರಲಿ, ಒಳಗೆ ಅದಕ್ಕೆ ಅಷ್ಟೇ." ಅವನು ಮೂಲೆಯ ಬುಟ್ಟಿಗೆ ಕೈಹಾಕಿ, ವೈರುಗಳ ಗೋಜಲಿನಿಂದ ಕಪ್ಪಿಟ್ಟ ಪೆಟ್ಟಿಗೆಯನ್ನು ಎಳೆದ. "ಆದ್ರೆ ಯಾಕೆ? ಹೊಸದರಲ್ಲಿ ಫ್ಯಾನು ಇದೆಯಲ್ಲ."

"ಅದು ಸದ್ದು ಮಾಡಲ್ಲ."

"ಅದಕ್ಕೇ ಅಲ್ವಾ ಹಾಕಿದ್ದು!"

"ನಮಗೆ ಸದ್ದು ಬೇಕು."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ನೋಡಿ, ಸದ್ದು ತೆಗೀರಿ ಅಂತ ಜನ ನನ್ನ ಪ್ರಾಣ ತಿಂತಾರೆ. ಸದ್ದು ಹಾಕಿ ಅಂತ ಬಂದವರು ನೀವೇ ಮೊದಲು. ಆಗಲಿ, ಡಬ್ಬದ ಹಿಂದೆ ಇನ್ನೊಂದು ಫ್ಯಾನಿಗೆ ಜಾಗ ಇದೆ, ಅಲ್ಲಿ ಕೂರಿಸಿಕೊಡ್ತೀನಿ. ಧೂಳು ಒರೆಸಿ ಎರಡು ತೊಟ್ಟು ಎಣ್ಣೆ ಬಿಟ್ರೆ..."

"ಎಣ್ಣೆ ಬೇಡ."

"ಎಣ್ಣೆ ಬಿಡದಿದ್ರೆ ಗೊರಗೊರ ಅನ್ನತ್ತೆ."

"ಅದೇ," ಎಂದಳು ಸೊಸೆ. ಬಹಳ ದಿನಗಳ ಮೇಲೆ ಅವಳ ದನಿ ಅವಳಿಗೇ ಕೇಳಿಸಿತು. "ಗೊರಗೊರ ಅನ್ನಬೇಕು. ಧೂಳೂ ಒರೆಸಬೇಡಿ. ಡಬ್ಬ ತಂದುಕೊಡ್ತೀನಿ."

ವಾರದ ರಜೆಯ ದಿನ ಊಟವಾಯಿತು. ಅಕ್ಕ ಅಂಗಡಿಗೆ ಹೋಗಿದ್ದಳು. ಭಾವ ಎಲ್ಲಿಂದಲೋ ಕಾರು ಕೇಳಿ ತರಲು ಹೋಗಿದ್ದರು. ನಾಲ್ಕು ಗಂಟೆಗೆ ಆ ಜಾಗವನ್ನು ನೋಡಲು ಹೋಗಬೇಕಿತ್ತು. ಅತ್ತೆ ಹೊರಗೆ ಹೋಗುವ ಸೀರೆಯುಟ್ಟು, ಚೀಲವೊಂದನ್ನು ತೊಡೆಯ ಮೇಲಿಟ್ಟುಕೊಂಡು, ಮಂಚದ ಅಂಚಿನಲ್ಲಿ ಕೂತಿದ್ದರು.

ಸೊಸೆ ತನ್ನ ಕೋಣೆಗೆ ಹೋದಳು. ಪರದೆಯನ್ನು ಹಾಕಲಿಲ್ಲ. ಮೇಜಿನಡಿ ಬಗ್ಗಿ ಗುಂಡಿಯೊಂದನ್ನೇ ಒತ್ತಿದಳು.

ಗುಂಯ್.

ಮೊದಲು ತೊದಲಿತು. ಆಮೇಲೆ ದಾರಿ ನೆನಪಾದವರ ಹಾಗೆ ಒಂದೇ ಸಮನಾಯಿತು. ದೇಶ ಯಾವುದಾದರೇನು, ಕರೆಂಟು ತೆಳ್ಳಗಾದರೇನು, ಅದೇ ಸದ್ದು. ಸ್ವಲ್ಪ ಹೊತ್ತಿಗೆ ಗೊರಕ್ ಎಂದು ಗಂಟಲು ಸರಿಮಾಡಿಕೊಂಡಿತು.

ಗೋಡೆಯ ಆಚೆ ಏನೂ ಕೇಳಲಿಲ್ಲ. ಆಮೇಲೆ ಚೀಲವನ್ನು ನೆಲಕ್ಕಿಟ್ಟ ಸದ್ದು. ಆಮೇಲೆ ಮಂಚ ಕಿರುಗುಟ್ಟಿತು. ಒಬ್ಬರು ಕಾಲು ಮೇಲೆತ್ತಿಕೊಂಡು, ಮಗ್ಗುಲಾಗಿ, ತಲೆಯನ್ನು ಗೋಡೆಯ ಕಡೆಗೆ ಸರಿಸಿಕೊಂಡರೆ ಹೇಗೋ ಹಾಗೆ. ಸೊಸೆ ನೆಲದ ಮೇಲೆ ಕೂತು ಅದೇ ಗೋಡೆಗೆ ಬೆನ್ನು ಕೊಟ್ಟಳು. ಸದ್ದು ಗೋಡೆಯಿಂದ ಬೆನ್ನಿಗೆ, ಬೆನ್ನಿನಿಂದ ಎದೆಗೆ ಇಳಿಯಿತು. ಮಂಜು ಬಂದು ಎದುರಿನ ಕಟ್ಟಡವನ್ನು ಒರೆಸುತ್ತಿತ್ತು. ಮೇಜುದೀಪದ ಕೆಂಡ ಒಂದು ಗೇಣು ಸಂಜೆಯನ್ನು ಹಿಡಿದುಕೊಂಡಿತ್ತು. ಗೋಡೆಯಾಚೆಯಿಂದ, ಮೊದಲು ಸಣ್ಣಗೆ, ಆಮೇಲೆ ಯಾವ ಸಂಕೋಚವೂ ಇಲ್ಲದೆ, ಗೊರಕೆ ಬಂತು.

ಭಾವ ಬಂದದ್ದು ಅವಳಿಗೆ ಅರೆಗಣ್ಣಲ್ಲಿ ಕಂಡಿತು. ಕೈಯಲ್ಲಿ ಕಾರಿನ ಕೀಲಿ. ತಾಯಿಯ ಬಾಗಿಲಲ್ಲಿ ನಿಂತರು. ಬಹಳ ಹೊತ್ತು ನಿಂತರು. ಆಮೇಲೆ ನಿಂತಲ್ಲೇ ಬಗ್ಗಿ ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಬೆಕ್ಕಿನ ಹಾಗೆ ಹೆಜ್ಜೆಯಿಡುತ್ತ ಹೊರಗಿನ ಕೋಣೆಗೆ ಹೋದರು. ಫೋನಿನಲ್ಲಿ ಪಿಸುಗುಟ್ಟುವುದು ಕೇಳಿಸಿತು: "ಇಲ್ಲ, ಬರಲ್ಲ. ಇಲ್ಲ, ಮಲಗಿದಾರೆ. ಮಲಗಿದಾರೆ ಅಂದೆ!"

ಅವಳಿಗೂ ಜೊಂಪು ಹತ್ತಿತು. ಕನಸಿನಲ್ಲಿ ಯಾರೋ ಬೆನ್ನು ಹಾಕಿ ಕೂತು ಮುದುಕಿಯೊಬ್ಬಳ ಮುಖದ ಬಲಗಡೆಯ ಬಿರುಕುಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದರು. ಸವತಿ ಊಟಕ್ಕೆ ಬಿಡ್ತಾಳಂತಾ, ಎಂದು ಅವಳು ಬಾಗಿಲಲ್ಲಿ ನಿಂತು ಕೇಳಿದಳು. ಆ ಬೆನ್ನು ತಿರುಗಲಿಲ್ಲ, ಆದರೆ ನಕ್ಕಿತು. ಬೆನ್ನು ನಗುವುದನ್ನು ಅವಳು ಚೆನ್ನಾಗಿ ಬಲ್ಲಳು.

ಟಕ್ ಟಕ್.

ಅವಳಿಗೆ ಎಚ್ಚರವಾಯಿತು. ಬೆನ್ನ ಹಿಂದೆ, ಗೋಡೆಯ ಆಚೆಯಿಂದ, ಬೆರಳ ಗೆಣ್ಣಿನ ಸದ್ದು. ನಿದ್ದೆಗಣ್ಣಿನ ಅಭ್ಯಾಸ. ಎರಡು ಸಲ ಬಡಿದ ಮೇಲೆ ಆಚೆಯೂ ಎಚ್ಚರವಾಗಿರಬೇಕು. ಮನೆಯೆಲ್ಲ ಸ್ತಬ್ಧವಾಯಿತು. ಡಬ್ಬ ಮಾತ್ರ ಗುಂಯ್ ಎನ್ನುತ್ತಿತ್ತು. ಆಚೆ ಒಬ್ಬರು ಉಸಿರು ಹಿಡಿದುಕೊಂಡು ಮಲಗಿದ್ದಾರೆಂದು ಅವಳಿಗೆ ಗೊತ್ತಾಗುತ್ತಿತ್ತು.

ಅವಳು ಕೈಯೆತ್ತಿ ಗೋಡೆಗೆ ಒಂದು ಸಲ ಬಡಿದಳು.

ಮಂಚ ಕಿರುಗುಟ್ಟಿತು. ಹೆಜ್ಜೆಗಳು ಓಣಿಯಲ್ಲಿ ನಿಧಾನವಾಗಿ ಅಡುಗೆಮನೆಯ ಕಡೆ ಹೋದವು. ನಲ್ಲಿ ತಿರುಗಿತು, ಪಾತ್ರೆ ಒಲೆಗೇರಿತು, ಡಬ್ಬಿಯೊಂದರ ಮುಚ್ಚಳ ಬಿಚ್ಚಿಕೊಂಡಿತು. ಆಮೇಲೆ ಅತ್ತೆಯ ದನಿ, ಮೂರು ಮಹಡಿಗೂ ಕೇಳುವಷ್ಟು ಜೋರಾಗಿ ಬಂತು:

"ಟೀಗೆ ಸಕ್ಕರೆ ನಾನು ಹಾಕಿದೀನಿ ಕಣೇ! ಮತ್ತೆ ನೀನು ಬಂದು ಹಾಕ್ಬೇಡ. ನಿನ್ನ ಭಾವನಿಗೂ ಹೇಳು."

"ಹೂಂ ಅತ್ತೆ," ಎಂದಳು ಸೊಸೆ. ದನಿ ಹೊರಗೆ ಬರಲಿಲ್ಲ. ಕೆನ್ನೆ ಒದ್ದೆಯಾಗಿರುವುದು ಆಗ ತಿಳಿಯಿತು. ಗಂಟಲು ಸರಿಮಾಡಿಕೊಂಡು, ಇನ್ನೊಮ್ಮೆ, ಕೂಗಿ ಹೇಳಿದಳು.